ಕುಂಡದ ಟೊಮೇಟೊ ಯಾಕೆ ಉಳಿಯಿತು?

ಸೋಮವಾರ ಬೆಳಿಗ್ಗೆ ತೋಟದ ಬೀಗ ತೆಗೆದವನು ನಾನೇ. ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ.

ಬದನೆ, ಬೆಂಡೆ, ಪಾಲಕ್, ಮೆಂತ್ಯ – ಎಲ್ಲವೂ ಕುದಿನೀರು ಸುರಿದಂತೆ ಸುಟ್ಟು ಮಡಿಗಳ ಮೇಲೆ ಒರಗಿದ್ದವು. ಮೂಗಿಗೆ ಕಳೆನಾಶಕದ ಘಾಟು. ಯಾವ ಗಿಡದಲ್ಲೂ ಒಂದು ಕಾಯಿ ಇರಲಿಲ್ಲ.

ಹಾಳುಬಿದ್ದ ಜಾಗವನ್ನು ಓಣಿಯವರೆಲ್ಲ ಸೇರಿ ತೋಟ ಮಾಡಿದ್ದೆವು. ಶನಿವಾರ ಕೊಯ್ದು ಹಂಚಿಕೊಳ್ಳುವುದು, ಭಾನುವಾರ ತೋಟಕ್ಕೆ ರಜೆ. ಈಗ ಉಳಿದಿದ್ದದ್ದು ಗೋಡೆ ಬದಿಯ ಕುಂಡಗಳಲ್ಲಿ ಓಣಿಯ ದರ್ಜಿ ಬೆಳೆಸಿದ್ದ ಟೊಮೇಟೊ ಮಾತ್ರ. ಹಣ್ಣುಗಳು ಕೆಂಪಗೆ ತೂಗುತ್ತಿದ್ದವು.

"ಇನ್ನೇನು ಸಾಕ್ಷಿ ಬೇಕು?" ಎಂದ ನಮ್ಮ ಓಣಿಯ ಡ್ರೈವರ್. ನೀರು ಹಾಕುವ ಸರದಿ ತಪ್ಪಿಸಿದನೆಂದು ನಾವೆಲ್ಲ ದರ್ಜಿಯ ಮಡಿಯನ್ನು ಕಿತ್ತುಕೊಂಡಿದ್ದು ಎಲ್ಲರಿಗೂ ಗೊತ್ತಿತ್ತು. ಅಂದಿನಿಂದ ಅವನು ಬೇರೆ ಕಡೆಯಿಂದ ಮಣ್ಣು ಹೊತ್ತು ತಂದು ಕುಂಡಕ್ಕೆ ತುಂಬಿಕೊಂಡಿದ್ದ.

ನಾನು ಓಡಿಹೋಗಿ ಅತ್ತಿಗೆಯನ್ನು ಕರೆತಂದೆ. ಅವರು ಸಬ್‌ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಬೀಗ ನೋಡಿದರು. ಮುರಿದಿರಲಿಲ್ಲ.

"ಅಂದ್ರೆ ಮಹಡಿಮನೆ ಗೊಣಗಪ್ಪ ಅಲ್ಲ," ಎಂದರು. ಗೊಣಗಪ್ಪ ಎಂದರೆ ತೋಟದಿಂದ ಸೊಳ್ಳೆ ಬರುತ್ತದೆಂದು ದಿನಾ ಜಗಳ ತೆಗೆಯುವ ಮುದುಕ. "ಅವನ ಹತ್ರ ಕೀಲಿ ಇಲ್ಲ. ಇದು ನಿಮ್ಮೊಳಗಿನವರದೇ ಕೆಲಸ."

ದರ್ಜಿ ಬಂದ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು.

"ನಿನ್ನೆ ಬಂದಿದ್ರಾ?"

"ಬೆಳಿಗ್ಗೆ ಬಂದಿದ್ದೆ ಮೇಡಂ. ಕುಂಡಕ್ಕೆ ನೀರು ಹಾಕೋಕೆ."

"ಆಗ ಮಡಿಗಳು?"

"ಚೆನ್ನಾಗೇ ಇದ್ವು."

"ಮತ್ತೆ ನಿಮ್ಮ ಗಿಡ ಮಾತ್ರ ಹೇಗೆ ಉಳೀತು?"

"ಅದೇ ನನ್ನ ಗ್ರಹಚಾರ. ಅವೂ ಸತ್ತಿದ್ರೆ ಇವತ್ತು ನಾನು ಬದುಕ್ತಿದ್ದೆ."

ಡ್ರೈವರ್ ಸಲಿಕೆ ಎತ್ತಿಕೊಂಡ. ಅತ್ತಿಗೆ ತಡೆಯುವಷ್ಟರಲ್ಲಿ ಕುಂಡಗಳು ಒಡೆದು ಚೂರಾಗಿದ್ದವು. ದರ್ಜಿ ಬಾಗಿ, ಜಜ್ಜಿಹೋಗದ ಹಣ್ಣುಗಳನ್ನು ಅಂಗಿಯ ಚುಂಗಿಗೆ ಹಾಕಿಕೊಂಡು ಹೋದ. ಅವನ ಹೆಂಡತಿ ತುಂಬು ಬಸುರಿ.

ಅತ್ತಿಗೆ ಓಣಿಯ ತುದಿಯ ಕಸದ ತೊಟ್ಟಿಗೆ ಇಳಿದರು. ಅಲ್ಲೊಂದು ಚೀಲ. ಅದರ ತುಂಬ ನಮ್ಮ ಬದನೆ, ನಮ್ಮ ಬೆಂಡೆ. ಎಳೆ ಹೀಚನ್ನೂ ಬಿಡದೆ ಕಿತ್ತು, ಒಂದೊಂದನ್ನೂ ಚಾಕುವಿನಿಂದ ಸೀಳಿ, ಮೇಲೆ ಫಿನಾಯಿಲ್ ಸುರಿದಿದ್ದರು.

"ಕಳ್ಳ ಆಗಿದ್ರೆ ತಿಂತಿದ್ದ," ಎಂದರು. "ಹಗೆಯವನಾಗಿದ್ರೆ ತುಳಿದು ಹೋಗ್ತಿದ್ದ. ಯಾರೂ ಆರಿಸಿಕೊಂಡು ತಿನ್ನಬಾರದು ಅಂತ ಇಷ್ಟು ಕಷ್ಟ ಪಟ್ಟೋರು ಯಾರು?"

ಸಂಜೆ ಎಲ್ಲರೂ ತೋಟದಲ್ಲಿ ಸೇರಿದರು. ದರ್ಜಿಯೂ ಹೆಂಡತಿಯೊಂದಿಗೆ ಬಂದಿದ್ದ. ಹೊಸ ಸಸಿ ತರೋಣ ಎಂದೆ. ಎಲ್ಲರೂ ತಲೆಯಾಡಿಸಿದರು. ಲ್ಯಾಬ್ ಅಕ್ಕ ಮಾತ್ರ, "ಬೇಡ, ಸಾಕು. ಇಲ್ಲಿಗೆ ಬಿಟ್ಟುಬಿಡೋಣ," ಎಂದರು.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಲ್ಯಾಬ್ ಅಕ್ಕನೇ ಮನೆಮನೆ ಬಾಗಿಲು ತಟ್ಟಿ ಈ ತೋಟ ಕಟ್ಟಿದವರು.

ಅತ್ತಿಗೆ ಅವರತ್ತ ತಿರುಗಿದರು. "ಕುಂಡಗಳು ಮಡಿಗಳ ಪಕ್ಕದಲ್ಲೇ ಇದ್ವು. ಆದ್ರೂ ಔಷಧಿಯ ಒಂದು ಹನಿ ಬಿದ್ದಿಲ್ಲ. ಎಲ್ರೂ ಕುಂಡ ಯಾರದು ಅಂತ ನೋಡಿದ್ರು. ಕುಂಡದೊಳಗಿನ ಮಣ್ಣು ಎಲ್ಲಿಯದು ಅಂತ ಯಾರೂ ಕೇಳಲಿಲ್ಲ. ಇದನ್ನ ಮಾಡಿದವರಿಗೆ ಮನುಷ್ಯರ ಮೇಲಾಗಲಿ ಗಿಡದ ಮೇಲಾಗಲಿ ಸಿಟ್ಟಿರಲಿಲ್ಲ. ಇಲ್ಲಿನ ಮಣ್ಣಿನ ಭಯ ಇತ್ತು. – ಈ ಮಣ್ಣಲ್ಲಿ ಏನಿದೆಯಮ್ಮ?"

ಲ್ಯಾಬ್ ಅಕ್ಕ ಕಾಲ ಬಳಿಯ ಮಣ್ಣನ್ನು ಚಪ್ಪಲಿಯಿಂದ ಸರಿಸಿದರು.

"ಸೀಸ," ಎಂದರು. "ಹಿಂದೆ ಇಲ್ಲಿ ಬ್ಯಾಟರಿ ಒಡೆದು ಕರಗಿಸ್ತಿದ್ರಂತೆ. ಅಗೆಯುವಾಗ ಕಪ್ಪು ಚೂರು ಸಿಕ್ತು. ಅನುಮಾನ ಬಂತು. ಮಣ್ಣು ಪರೀಕ್ಷೆ ಮಾಡಿಸಿದೆ. ಆಮೇಲೆ ನನ್ನ ರಕ್ತ ನೋಡ್ಕೊಂಡೆ. ನನ್ನಲ್ಲೂ ಇದೆ."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?" ಎಂದ ಡ್ರೈವರ್. ಅವನ ಮನೆಯಲ್ಲಿ ಇಬ್ಬರು ಪುಟ್ಟ ಮಕ್ಕಳು.

"ಹೇಳೋಕೆ ಅಂತಾನೇ ನಿಮ್ಮ ಮನೆ ತನಕ ಬಂದೆ. ನಿಮ್ಮ ಮಗಳು ಅನ್ನಕ್ಕೆ ಸೊಪ್ಪು ಕಲಸಿಕೊಂಡು ತಿಂತಿದ್ಲು. ನಾನೇ ಕೊಟ್ಟ ಸೊಪ್ಪು. ನಾಲಿಗೆ ಏಳಲಿಲ್ಲ."

ದರ್ಜಿಯ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮುಂದೆ ಬಂದಳು. ಗಂಡನ ಮಡಿ ಹೋದಮೇಲೆ ಲ್ಯಾಬ್ ಅಕ್ಕ ಪಾಪ ಎಂದು ತಮ್ಮ ಪಾಲಿನ ಪಾಲಕ್ಕನ್ನು ವಾರವಾರವೂ ಅವಳಿಗೇ ಕೊಡುತ್ತಿದ್ದರು.

"ಅಕ್ಕ, ಇನ್ನು ತಿನ್ನದಿದ್ರೆ ಹೋಗಿಬಿಡುತ್ತಾ?"

"ರಕ್ತದಿಂದ ನಿಧಾನಕ್ಕೆ ಇಳಿಯುತ್ತೆ."

"ಮಗೂದು?"

ದರ್ಜಿ ಹೆಂಡತಿಯ ತೋಳು ಹಿಡಿದು ಕರೆದುಕೊಂಡು ಹೋದ. ಅವನ ಕ್ಷಮೆ ಕೇಳಬೇಕೆಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

"ನಾನು ಪತ್ತೆ ಮಾಡದೇ ಇದ್ದಿದ್ರೆ ಚೆನ್ನಾಗಿತ್ತು ಅಲ್ವಾ?" ಎಂದರು ಅತ್ತಿಗೆ ದಾರಿಯಲ್ಲಿ. ನನ್ನ ಮನೆಯಲ್ಲೂ ಮಕ್ಕಳಿದ್ದಾರೆ.

ಮರುದಿನ ಓಣಿಗೆ ಓಣಿಯೇ ಆಸ್ಪತ್ರೆಯಲ್ಲಿ ಸಾಲು ನಿಂತಿತು. ಅಲ್ಲಿ ರಕ್ತ ತೆಗೆಯುವವರು ಬೇರೆ ಯಾರೂ ಇರಲಿಲ್ಲ. ದರ್ಜಿಯ ಹೆಂಡತಿ ಕುರ್ಚಿಯಲ್ಲಿ ಕೂತು, ಗೋಡೆಯ ಕಡೆ ಮುಖ ತಿರುಗಿಸಿ, ತೋಳು ಚಾಚಿದಳು.

"ಮುಷ್ಟಿ ಬಿಗಿ ಹಿಡಿಯಮ್ಮ," ಎಂದರು ಲ್ಯಾಬ್ ಅಕ್ಕ.