ವಿಭೂತಿಗೆ ಮುತ್ತಿದ ಇರುವೆ

"ಅಮ್ಮಾ, ಪೆಟ್ಟಿಗೆ ಇದ್ದ ಹಾಗೇ ಇತ್ತು. ಒಳಗಿನ ಫಲಕ ಇಲ್ಲ!"

ವಿಜಯದಶಮಿಯ ಬೆಳಿಗ್ಗೆ ಎಂಟು ಗಂಟೆಗೆ ಧನುಶ್ರೀ ಲಕ್ಷ್ಮೀಪುರಂನ ಮನೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ನಿಂತಿದ್ದಳು. ಹಬ್ಬದ ರಜೆಗೆ ಪತ್ರಿಕೆ ಬಂದಿರಲಿಲ್ಲ. ಚಂದ್ರಮತಿ ನಿನ್ನೆಯದನ್ನೇ ಹರಡಿಕೊಂಡು ಅಚ್ಚಿನ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದರು.

"ಮೊದಲು ಹೆಲ್ಮೆಟ್ ತೆಗಿ. ಅರ್ಧ ಮಾತು ಅದರೊಳಗೇ ಉಳಿದುಬಿಡುತ್ತೆ."

ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು ಅವರು. ನಿವೃತ್ತರಾದ ಮೇಲೆ ಕಾಣೆಯಾದ ಉಯಿಲು, ಖೋಟಾ ಸಹಿ, ಮಾಯವಾದ ಒಡವೆ ಎಲ್ಲವೂ ಅವರ ಜಗಲಿ ಹುಡುಕಿಕೊಂಡು ಬರುತ್ತಿದ್ದವು. ಮಹಡಿಯ ಬಾಡಿಗೆಮನೆಯ ಧನುಶ್ರೀ ಅಂಥ ದಿನಗಳಲ್ಲಿ ಅವರ ಸ್ಕೂಟರ್ ಸಾರಥಿ. ಆದರೆ ತಾನೇ ಗೋಳು ಹೊತ್ತು ಬಂದದ್ದು ಅದೇ ಮೊದಲು.

ಅವಳು ರಿಂಗ್ ರಸ್ತೆಯ ಬಳಿಯ ಬ್ರೂವರಿಯೊಂದರಲ್ಲಿ ಬಿಯರ್ ತಯಾರಿಸುತ್ತಿದ್ದಳು. ಆ ವರ್ಷ ವಿಜಯದಶಮಿಯೂ ಗಾಂಧಿ ಜಯಂತಿಯೂ ಒಂದೇ ದಿನ ಬಂದಿದ್ದವು, ಮದ್ಯ ಮಾರುವಂತಿರಲಿಲ್ಲ. ಖಾಲಿ ಬೀಳುವ ಹಾಲ್‌ನಲ್ಲಿ ಕರಕುಶಲ ಸಂತೆ ನಡೆಸೋಣವೆಂದು ಮಾಲೀಕ ಸುಪ್ರೀತನನ್ನು ಒಪ್ಪಿಸುವುದಕ್ಕೆ ಅವಳಿಗೆ ಎರಡು ವಾರ ಹಿಡಿದಿತ್ತು. ಸಂತೆಯ ಕಳಶವೆಂದರೆ ಒಂಟಿಕೊಪ್ಪಲಿನ ನಾಗೇಂದ್ರ ಎರಡು ವರ್ಷ ಕೂತು ಮಾಡಿದ ಬೀಟೆಮರದ ಕೆತ್ತುಗೂಡಿಕೆಯ ಫಲಕ. ಕೆರೆ, ಸಂಜೆ, ಮೂರು ಕೊಕ್ಕರೆ. ಎಲ್ಲವೂ ಬೀಟೆಯಲ್ಲಿ ಕೊರೆದು ಕೂರಿಸಿದ ಬಣ್ಣ ಬಣ್ಣದ ಮರದ ಚೂರುಗಳಿಂದಲೇ.

"ನಿನ್ನೆ ಸಂಜೆ ಎಲ್ಲರ ಆಯುಧವನ್ನೂ ಒಂದೇ ಮಣೆ ಮೇಲಿಟ್ಟು ಪೂಜೆ ಮಾಡಿದ್ವಿ. ಫಲಕಾನ ಪೆಟ್ಟಿಗೇಲಿಟ್ಟು, ಮೊಳೆ ಹೊಡೆದು, ಮಾಲ್ಟ್ ಕೋಣೆಗೆ ಹಾಕಿದ್ವಿ. ಇವತ್ತು ಏಳೂವರೆಗೆ ನಾಗೇಂದ್ರಪ್ಪನವರು ಎತ್ತಿ ನೋಡಿದ್ರೆ ಹಗುರ! ಬೀಗದ ಕೈ ಇದ್ದದ್ದು ಸಿದ್ದಲಿಂಗಮ್ಮನವರ ಹತ್ರ. ಹತ್ತು ಗಂಟೆಯೊಳಗೆ ಸಿಗದಿದ್ರೆ ಪೊಲೀಸರನ್ನ ಕರೀತೀನಿ, ಸಂತೆ ರದ್ದು ಅಂತಿದಾನೆ ಸುಪ್ರೀತ್. ಅವರನ್ನ ಕೆಲಸಕ್ಕೆ ಸೇರಿಸಿದ್ದು ನಾನಮ್ಮ. ಅವರು ಕದ್ದಿಲ್ಲ."

"ಅದು ನಿನ್ನ ನಂಬಿಕೆ ಕಣೇ. ಸಾಕ್ಷಿ ಹುಡುಕೋಣ, ನಡಿ."

ಅಷ್ಟರಲ್ಲಿ ಜಂಬೂ ಸವಾರಿಗೆಂದು ಒಳಗಿನ ರಸ್ತೆಗಳನ್ನೆಲ್ಲ ಕಟ್ಟಿಹಾಕಿದ್ದರು. ಸುತ್ತಿ ಬಳಸಿ ತಲುಪುವಾಗ ಒಂಬತ್ತು.

ಗೇಟಿನ ದೊಡ್ಡ ರಂಗೋಲಿಯ ಪಕ್ಕ ಸಿದ್ದಲಿಂಗಮ್ಮ ಕುಕ್ಕುರುಗಾಲಲ್ಲಿ ಕೂತಿದ್ದಳು. ಬ್ರೂವರಿಯ ಕಸ ಗುಡಿಸುವುದರಿಂದ ಪೂಜೆಯವರೆಗೆ ಎಲ್ಲ ಅವಳದೇ.

"ನಾನ್ಯಾಕವ್ವಾ ಕದೀಲಿ? ಐದೂವರೆಗೆ ಕೋಣೆ ತೆಗೆದು ಗುಡಿಸ್ದೆ, ಮತ್ತೆ ಬೀಗ ಹಾಕ್ನಿಲ್ಲ. ಆಮ್ಯಾಕೆ ಇಲ್ಲೇ ರಂಗೋಲಿ ಬುಡ್ತಾ ಕೂತೆ. ಒಂದು ಬೆಕ್ಕೂ ಆಚೆ ಹೋಗ್ನಿಲ್ಲ."

"ಒಳಗೆ ಬಂದವರು?"

"ನಾಗೇಂದ್ರಪ್ಪೋರು, ಅವರ ಮಗಳು ಮಾಲಾ. ಆಮೇಲೆ ಗಂಜೀಫಾ ಆಟದ ಎಲೆ ಮ್ಯಾಲೆ ಚಿತ್ರ ಬರೆಯೋ ವಾಗೀಶಪ್ಪೋರು. ಸುಪ್ರೀತಪ್ಪ ಬಂದಿದ್ದು ಏಳಕ್ಕೆ."

ಹಾಲ್‌ನಲ್ಲಿ ವಾಗೀಶ ತನ್ನ ಮಳಿಗೆಯನ್ನು ಸದ್ದಿಲ್ಲದೆ ಬಾಗಿಲ ಕಡೆಗೆ ಸರಿಸುತ್ತಿದ್ದ. ಆ ಜಾಗ ನಾಗೇಂದ್ರರಿಗೆ ಸಿಕ್ಕಿತೆಂದು ಅವನು ಹಿಂದಿನ ದಿನ ಕೂಗಾಡಿದ್ದ. "ಬಿಯರ್ ಅಂಗಡೀಲಿ ಕಲೆ ಇಟ್ರೆ ಇನ್ನೇನಾಗುತ್ತೆ ಮೇಡಂ? ಫಲಕಾನೇ ಕುಡಿದು ಎದ್ದು ಹೋಗಿರಬೇಕು," ಎಂದ.

ನಾಗೇಂದ್ರ ಖಾಲಿ ಪೆಟ್ಟಿಗೆಯ ಮುಂದೆ ಕೂತಿದ್ದರು. ಮಗಳು ಮಾಲಾ ತಂದೆಗೆ ಕಾಫಿ ಕೊಟ್ಟು, ಲೋಟವನ್ನು ಅವರ ಬೆರಳಿಗೆ ತಾಗಿಸಿಯೇ ಕೈ ಬಿಟ್ಟಳು. ಅವಳ ಹೆಬ್ಬೆರಳು, ತೋರುಬೆರಳುಗಳ ತುದಿ ಕಂದುಗೆಂಪಾಗಿತ್ತು. ಹಬ್ಬಕ್ಕೆ ಮದರಂಗಿ, ಪಾಪ, ಎಂದುಕೊಂಡಳು ಧನುಶ್ರೀ. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

ಪೂಜೆಗಿಟ್ಟ ಆಯುಧ ಮುಟ್ಟಬಾರದಲ್ಲ, ಅದಕ್ಕೆ ಬೆಳಿಗ್ಗೆ ಒಳಗೆ ನೋಡಲು ಸುಪ್ರೀತ ಪೆಟ್ಟಿಗೆಯ ಒಂದು ಹಲಗೆಯನ್ನು ಒದ್ದೇ ಮುರಿದಿದ್ದ. ಉಳಿದ ಮೊಳೆಗಳ ಮೇಲೆ ಚಂದ್ರಮತಿ ಬೆರಳಾಡಿಸಿದರು. "ಒಂದೂ ಬಾಗಿಲ್ಲ. ಹಳೇ ತೂತಿನಲ್ಲೇ ಮತ್ತೆ ನೆಟ್ಟಗೆ ಕೂತಿವೆ. ಬಹಳ ಸಭ್ಯ ಕಳ್ಳ!"

ಮಾಲ್ಟ್ ಕೋಣೆಯಲ್ಲಿ ಹುಡುಕುವುದಕ್ಕೆ ಏನಿತ್ತು? ಧಾನ್ಯ ಅರೆಯುವ ಯಂತ್ರ, ಅದರ ಮೇಲೆ ತೆಳ್ಳಗೆ ಹಿಟ್ಟು, ಗೋಡೆಯುದ್ದಕ್ಕೂ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಚೀಲಗಳು. ಧನುಶ್ರೀ ಅಭ್ಯಾಸಬಲದಿಂದ ಗೊಣಗಿದಳು: "ಹೆಸರು ಬಾಗಿಲ ಕಡೆ ಬರೋ ಹಾಗೆ ಜೋಡಿಸಿದ್ದೆ. ಆ ಮೂಲೇಲಿ ಮೂರು ಚೀಲ ಗೋಡೆ ನೋಡ್ತಿವೆ."

ಚಂದ್ರಮತಿ ಹೊರಬಂದು ಪೂಜೆಯ ಮಣೆಯ ಮುಂದೆ ನಿಂತುಬಿಟ್ಟರು. ಹದಿನಾಲ್ಕು ಆಯುಧಗಳಿದ್ದವು. ನಾಗೇಂದ್ರರ ಉಳಿಗಳು, ವಾಗೀಶನ ಕುಂಚಗಳು, ಬ್ರೂವರಿಯ ಸುತ್ತಿಗೆ, ಸ್ಪ್ಯಾನರ್. ಎಲ್ಲಕ್ಕೂ ಮೂರೆಳೆ ವಿಭೂತಿ. ಗೋಡೆಯಿಂದ ಇಳಿದ ಇರುವೆ ಸಾಲೊಂದು ಮಣೆಯ ಮೇಲೆ ಎರಡಾಗಿ, ಒಂದು ಕವಲು ಸುತ್ತಿಗೆಗೂ ಇನ್ನೊಂದು ಎಲ್ಲಕ್ಕಿಂತ ಸಣ್ಣ ಉಳಿಗೂ ಹತ್ತುತ್ತಿತ್ತು.

"ಇರುವೆಗೂ ಭಕ್ತಿ ಬಂದಿದೆ," ಎಂದಳು ಧನುಶ್ರೀ.

"ಎರಡೇ ಆಯುಧದ ಮೇಲೆ ಯಾಕೆ ಬಂತು?" ಚಂದ್ರಮತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಕರಡು ಮುಗಿಯಿತೆಂದೇ ಅರ್ಥ. "ಎಲ್ಲರನ್ನೂ ಕರಿ."

ಹತ್ತಕ್ಕೆ ಕಾಲು ಗಂಟೆಯಿರುವಾಗ ಎಲ್ಲರೂ ಮಣೆಯ ಸುತ್ತ ನೆರೆದರು. ಸುಪ್ರೀತನ ಕೈಯಲ್ಲಿ ಫೋನ್ ಸಿದ್ಧವಾಗಿತ್ತು.

"ಸಿದ್ದಲಿಂಗಮ್ಮನವರೇ, ನಿಮ್ಮ ವಿಭೂತಿ ಎಲ್ಲಿರುತ್ತೆ?"

ಅವಳು ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದಳು. "ಇಲ್ಲೇ. ಮಲಗೋವಾಗ್ಲೂ ಬುಡಕಿಲ್ಲ."

"ವಿಭೂತಿಗೆ ಇರುವೆ ಮುತ್ತಲ್ಲ. ಈ ಎರಡರ ಮೇಲಿರೋದು ವಿಭೂತಿಯಲ್ಲ, ಮಾಲ್ಟ್ ಹಿಟ್ಟು, ಸಿಹಿ. ಬೆಳಿಗ್ಗೆ ಯಾರೋ ಇವನ್ನ ಬಳಸಿದ್ದಾರೆ. ಕೈ ಬೆವರಿಗೆ ಗೆರೆ ಅಳಿಸಿದೆ. ಗಾಬರಿಯಾಗಿ, ಸಿಕ್ಕಿದ ಹಿಟ್ಟಲ್ಲಿ ಮತ್ತೆ ಬರೆದಿದ್ದಾರೆ. ಸೊಂಟದಲ್ಲೇ ವಿಭೂತಿ ಇಟ್ಟುಕೊಂಡವರು ಹಿಟ್ಟಿಗೆ ಯಾಕೆ ಕೈ ಹಾಕ್ತಾರೆ ಸುಪ್ರೀತ್?"

ಸುಪ್ರೀತ ಫೋನ್ ಜೇಬಿಗಿಳಿಸಿದ. ಸಿದ್ದಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಸುತ್ತಿಗೆ ಪೆಟ್ಟಿಗೆ ತೆಗೆಯೋಕೆ, ಸರಿ. ಈ ಸಣ್ಣ ಉಳಿ ಕಳ್ಳನಿಗೆ ಯಾಕೆ? ಮತ್ತೆ ತಂದಿಡೋ ಯೋಚನೆ ಇಲ್ಲದವನು ಮೊಳೆಗಳನ್ನ ಅಷ್ಟು ಜೋಪಾನ ಮಾಡ್ತಾನಾ? ಇಷ್ಟು ಹೊತ್ತು ನಾವು ತಪ್ಪು ಮಾಡಿದವರನ್ನ ಹುಡುಕ್ತಿದ್ವಿ. ಇದು ತಪ್ಪು ತಿದ್ದಿದವರ ಕೆಲಸ. ಮರದ ಚೂರು ಮತ್ತೆ ಕೂರಿಸಿದ ಮೇಲೆ ಅಂಟು ಹಿಡಿಯೋವರೆಗೆ ಭಾರ ಹೇರಬೇಕು. ಈ ಕಟ್ಟಡದಲ್ಲಿ ಭಾರ ಯಾವುದಿದೆ ಧನು?"

ಧನುಶ್ರೀ ಆಗಲೇ ಮಾಲ್ಟ್ ಕೋಣೆಗೆ ಓಡಿದ್ದಳು. ಗೋಡೆ ನೋಡುತ್ತಿದ್ದ ಮೂರು ಚೀಲ ಎಳೆದು ಹಾಕಿದಳು. ಅಡಿಯಲ್ಲಿ, ಹತ್ತಿಬಟ್ಟೆಯಲ್ಲಿ ಸುತ್ತಿದ ಫಲಕ. ಎದೆಗವಚಿಕೊಂಡು ತಂದಳು. ಕೆರೆ, ಸಂಜೆ, ಮೂರು ಕೊಕ್ಕರೆ. ಯಾವುದಕ್ಕೂ ಕುಂದಿರಲಿಲ್ಲ.

ಆಯುಧಪೂಜೆಯ ಮಾರನೆಯ ಬೆಳಿಗ್ಗೆ, ಊರಿನ ಉಳಿಗಳೆಲ್ಲ ಹೂವು ಮುಡಿದು ಕೂತಿರುವಾಗ, ಬೀಟೆಯ ಹೊಸ ಪುಡಿ ಯಾರ ಬೆರಳಿಗೆ ಅಂಟೀತು? ಅದು ಮದರಂಗಿಯಲ್ಲವೆಂದು ಧನುಶ್ರೀಗೆ ಈಗ ಹೊಳೆಯಿತು. ಅವಳು ಮಾಲಾಳನ್ನು ನೋಡಿದಳು. ಚಂದ್ರಮತಿ ಮಾತ್ರ ಬೇಕೆಂದೇ ಆ ಕಡೆ ನೋಡಲಿಲ್ಲ. "ಯಾರು, ಯಾಕೆ ಅನ್ನೋದನ್ನ ಹೇಳೋ ಹಕ್ಕು ನನ್ನದಲ್ಲ," ಎಂದರು.

"ನಾನೇ," ಎಂದಳು ಮಾಲಾ. "ನಡುವಿನ ಕೊಕ್ಕರೆ ಕಣ್ಣು ಕೆಳಗೆ ಜಾರಿ ಕೂತಿತ್ತು. ನಿನ್ನೆ ಇಲ್ಲಿನ ದೀಪದಲ್ಲಿ ಕಂಡಿತು. ಜನ ನೋಡಿದ್ರೆ ಅಪ್ಪನ ಕಣ್ಣು..." ಅವಳು ತಂದೆಯ ಕಡೆ ನೋಡಿ ತಲೆ ತಗ್ಗಿಸಿದಳು. "ಹತ್ತರೊಳಗೆ ವಾಪಸ್ ಇಡೋಣ ಅಂತಿದ್ದೆ. ಅಷ್ಟರಲ್ಲಿ ಅಪ್ಪ ಪೆಟ್ಟಿಗೆ ಎತ್ತಿಬಿಟ್ರು. ಸಿದ್ದಲಿಂಗಮ್ಮನೋರೆ, ನಿಮ್ಮನ್ನ ಬೈಯೋವಾಗಲೂ ಬಾಯಿ ಬಿಡಲಿಲ್ಲ. ತಪ್ಪಾಯ್ತು." ಬಗ್ಗಿ ಅವಳ ಕಾಲು ಮುಟ್ಟಿದಳು.

ನಾಗೇಂದ್ರ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ತಡವಿದರು. ಕೊಕ್ಕು, ಕತ್ತು, ಆಮೇಲೆ ಕಣ್ಣು. ಬೆರಳು ಅಲ್ಲೇ ನಿಂತಿತು.

"ಎರಡು ಕೂದಲೆಳೆ ಕೆಳಗಿತ್ತು. ನನ್ನ ಬೆರಳಿಗೆ ಗೊತ್ತಿತ್ತಮ್ಮ. ತಿದ್ದೋಣ ಅಂದ್ರೆ ಕಣ್ಣು ನಡೀತಿಲ್ಲ. ತಿದ್ದಿಕೊಡು ಅಂತ ಕೇಳೋಕೆ ಬಾಯಿ ಬರಲಿಲ್ಲ. ಈ ಕೆಲಸ ಹುಡುಗೀರಿಗಲ್ಲ ಅಂತ ನಿನ್ನನ್ನ ಹತ್ತಿರಕ್ಕೇ ಸೇರಿಸಿರಲಿಲ್ಲವಲ್ಲ. ಯಾವಾಗ ಕಲಿತೆ?"

"ನಿಮ್ಮ ಬೆನ್ನ ಹಿಂದೆ ನಿಂತು."

"ಹಂಗಾದ್ರೆ ಕಳ್ಳಿ ಅಂದ್ರೆ ಕಳ್ಳೀನೇ!" ಅವರು ನಕ್ಕರು. ಕಣ್ಣಲ್ಲಿ ನೀರು ತುಂಬಿತ್ತು. "ಕದ್ದಾದ್ರೂ ಕಲಿತೆಯಲ್ಲ, ನನ್ನಪ್ಪನ ಪುಣ್ಯ." ತಡವಿ ಆ ಸಣ್ಣ ಉಳಿಯನ್ನೇ ಎತ್ತಿ, ಇರುವೆಗಳನ್ನು ಮೆತ್ತಗೆ ಊದಿ, ಮಗಳ ಕೈಗಿಟ್ಟರು. "ಇವತ್ತು ವಿಜಯದಶಮಿ. ಹಿಡಿ."

"ತಡೀರಪ್ಪಾ, ಹಿಟ್ಟಿನ ಉಳಿ ಕೊಡ್ತಾರಾ?" ಎನ್ನುತ್ತ ಸಿದ್ದಲಿಂಗಮ್ಮ ಮುಂದೆ ಬಂದು, ಸೆರಗಿನಿಂದ ಉಳಿಯನ್ನು ಒರೆಸಿ, ಗಟ್ಟಿ ತೇದು, ಮೂರು ಬೆರಳು ಕೂಡಿಸಿ ನಿಜವಾದ ಮೂರೆಳೆ ಎಳೆದಳು. ಉಳಿದದ್ದನ್ನು ಮಾಲಾಳ ಹಣೆಗೆ ಹಚ್ಚಿದಳು. ಸುಪ್ರೀತ ಎಲ್ಲರೆದುರು ಅವಳಿಗೆ ಕೈ ಮುಗಿದು, ಗೇಟು ತೆರೆಯಲು ತಾನೇ ಹೋದ. ವಾಗೀಶ ಕೆಮ್ಮಿ, ತನ್ನ ಮಳಿಗೆಯನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡ.

ಹತ್ತಕ್ಕೆ ಸರಿಯಾಗಿ ಜನ ಬರತೊಡಗಿದರು. ಧನುಶ್ರೀ ಚಂದ್ರಮತಿಯವರ ಕೈ ಹಿಡಿದುಕೊಂಡಳು. "ನಿಮ್ಮ ಋಣ ಹೇಗೆ ತೀರಿಸಲಮ್ಮ?"

"ನನಗೇನು? ಕೆಲಸ ಮಾಡಿದವರು ಅಲ್ಲಿದ್ದಾರೆ ನೋಡು," ಎಂದು ಅವರು ಗೋಡೆ ತೋರಿಸಿದರು.

ಧನುಶ್ರೀ ಒಂದು ಹಿಡಿ ಮಾಲ್ಟ್ ಹಿಟ್ಟು ತಂದು ಗೋಡೆಯ ಬುಡದಲ್ಲಿ ಉದುರಿಸಿದಳು. ಆ ಗಾಂಧಿ ಜಯಂತಿಯಂದು ಬ್ರೂವರಿಯಲ್ಲಿ ಮಾಲ್ಟ್ ಬಡಿಸಿಕೊಂಡವು ಆ ಇರುವೆಗಳು ಮಾತ್ರ.