ಮುಳುಗು ನೋಡೋಣ!

ಆಮೆ ಈಜಿ ಬಂದು ಕೊಳದ ಗೋಡೆ ಮುಟ್ಟಿದಾಗ ಉಳಿದವರೆಲ್ಲ ಆಗಲೇ ಟವೆಲ್ ಸುತ್ತಿಕೊಂಡು ನಿಂತಿದ್ದರು. ಒಬ್ಬಳಂತೂ ಬಿಸ್ಕತ್ತು ತಿನ್ನುತ್ತಿದ್ದಳು.

ಕೋಚ್ ಮೇಡಂ ವಾಚ್ ನೋಡಿದರು. ಆಮೇಲೆ ಅವಳ ಮುಖ ನೋಡಿದರು. ಹೇಗೆ ಹೇಳುವುದೋ ತೋಚದೆ ಕೊರಳಿನ ಸೀಟಿಯನ್ನು ತಿರುಗಿಸುತ್ತಾ ನಿಂತರು.

"ಸ್ಟೈಲ್ ಚೆನ್ನಾಗಿದೆ ಪುಟ್ಟಾ. ಆದ್ರೆ ಟೀಮ್‌ಗೆ ಈ ಸ್ಪೀಡ್ ಸಾಲಲ್ಲ. ಈ ಸಲ ಬೇಡ, ಆಯ್ತಾ?"

"ಆಯ್ತು ಮೇಡಂ," ಎಂದಳು ಆಮೆ. ಅಳು ಒತ್ತರಿಸಿಕೊಂಡು ಬಂತು. ಈಜುಕೊಳದಲ್ಲಿ ಒಂದು ಅನುಕೂಲವಿದೆ, ಅತ್ತರೂ ಯಾರಿಗೂ ಗೊತ್ತಾಗುವುದಿಲ್ಲ.

ಆಮೆ ಅನ್ನುವುದು ಅಣ್ಣ ಇಟ್ಟ ಹೆಸರು. ಮನೆಯಲ್ಲಿ ಹುಟ್ಟಿದ ಹೆಸರು ಸ್ಕೂಲಿಗೆ ಬಂತು, ಸ್ಕೂಲಿನಿಂದ ಈಜುಕೊಳಕ್ಕೂ ಬಂತು. ಅವಳು ತಕರಾರು ಮಾಡಲಿಲ್ಲ. ನಿಧಾನ ಅಂದರೆ ನಿಧಾನವೇ, ಸುಳ್ಳೇನಲ್ಲವಲ್ಲ!

ಅಣ್ಣನ ಕತೆಯೇ ಬೇರೆ. ಅವನಿಗೆ ಈಜು ನೀರು ಕುಡಿದಷ್ಟು ಸುಲಭ. ಟಿವಿ ಪಕ್ಕ, ಫ್ರಿಜ್ ಮೇಲೆ, ಮನೆಯಲ್ಲಿ ಎಲ್ಲಿ ನೋಡಿದರೂ ಅವನು ಗೆದ್ದ ಕಪ್ಪುಗಳೇ. ಆಮೆಯೂ ನೀರು ಕುಡಿದವಳೇ. ಆದರೆ ಈಜು ಕಲಿಯುವಾಗ, ಅದೂ ಹೊಟ್ಟೆ ತುಂಬ.

ಇದಕ್ಕೆ ಮೊದಲು ಅವಳು ಡ್ರಾಯಿಂಗ್ ಕ್ಲಾಸಿಗೆ ಹೋಗಿ ಬಿಟ್ಟಿದ್ದಳು. ಕೀಬೋರ್ಡ್ ಕ್ಲಾಸೂ ಬಿಟ್ಟಾಗಿತ್ತು. ಚೆಸ್‌ನಲ್ಲಿ ಪಕ್ಕದ ಮನೆಯ ಪುಟ್ಟ ಹುಡುಗಿಯ ಕೈಯಲ್ಲೂ ಸೋತು ಬಂದಿದ್ದಳು. "ನಿನಗೆ ಏನಿಷ್ಟ ಅಂತ ಹೇಗೆ ಕಂಡುಹಿಡಿಯೋಣ ಮಗಳೇ?" ಎಂದು ಅಪ್ಪ ಕೇಳುತ್ತಿದ್ದರು. ಒಂದು ದಿನವೂ ಬೈದವರಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಎಲ್ಲರಿಗೂ ಏನಾದರೊಂದು ಬರುತ್ತದೆ. ತನಗೆ ಮಾತ್ರ ಯಾವುದೂ ಬರದೇ ಹೋದರೆ? ಈಜಾದರೂ ಕೈ ಹಿಡಿಯುತ್ತದೆ ಎಂದುಕೊಂಡಿದ್ದಳು. ಈಗ ಅದೂ ಮುಗಿಯಿತು.

ಅಪ್ಪ ಬರುವವರೆಗೆ ಕಾಯಬೇಕು. ಅವಳು ಟವೆಲ್ ಹೊದ್ದುಕೊಂಡು ಚಿಕ್ಕ ಕೊಳದ ಅಂಚಿನಲ್ಲಿ ಕೂತಳು. ಅಲ್ಲಿ ಅಣ್ಣ ಪುಟ್ಟ ಮಕ್ಕಳಿಗೆ ಈಜು ಹೇಳಿಕೊಡುತ್ತಿದ್ದ. ರಜೆಯಲ್ಲಿ ಮೇಡಂ ಅವನಿಗೆ ಆ ಕೆಲಸ ವಹಿಸಿದ್ದರು. ಹೇಳಿಕೊಡುತ್ತಿದ್ದ ಅನ್ನುವುದಕ್ಕಿಂತ ಕೂಗಾಡುತ್ತಿದ್ದ ಅನ್ನುವುದೇ ಸರಿ.

"ಕೈ ಬಿಡೋ! ಬಿಟ್ರೆ ತಾನಾಗೇ ತೇಲ್ತೀಯ. ಅದ್ರಲ್ಲೇನಿದೆ?"

ಅವನೆದುರಿಗೆ ಆರು ವರ್ಷದ ಒಬ್ಬ ಹುಡುಗ, ಕೊಳದ ಗೋಡೆಯ ಸ್ಟೀಲ್ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹಿಡಿದರೆ ಉಡದ ಹಿಡಿತ, ಜಪ್ಪಯ್ಯ ಅಂದರೂ ಬಿಡುವವನಲ್ಲ. ಅದಕ್ಕೇ ಮಕ್ಕಳೆಲ್ಲ ಅವನಿಗೆ ಜಿಗಣೆ ಎಂದು ಹೆಸರಿಟ್ಟಿದ್ದರು.

"ಬಿಡಲ್ಲ! ಮುಳುಗಿ ಹೋಗ್ತೀನಿ!"

"ಮುಳುಗಲ್ವೋ! ನೀನೊಂದು ಮೀನು ಅಂದ್ಕೋ."

"ನಾನ್ಯಾಕೆ ಮೀನು? ನಂಗೆ ಮೂಗಿದೆ, ಮೂಗಲ್ಲಿ ನೀರು ಹೋಗುತ್ತೆ!" ಜಿಗಣೆ ಜೋರಾಗಿ ಅಳತೊಡಗಿದ. "ನಾಳೆಯಿಂದ ನಾನು ಬರೋದೇ ಇಲ್ಲ!"

ಅಣ್ಣ ಹಣೆ ಚಚ್ಚಿಕೊಂಡ. "ಇವನಿಗೆ ಹೇಳೋದೂ ಒಂದೇ, ಆ ಕಂಬಿಗೆ ಹೇಳೋದೂ ಒಂದೇ. ಲೇ ಆಮೆ, ಸ್ವಲ್ಪ ಇವನ ಜೊತೆ ಇರು. ಮಿಕ್ಕವರನ್ನ ಆ ಕಡೆ ಕರ್ಕೊಂಡು ಹೋಗ್ತೀನಿ."

ಆಮೆ ಆ ಪುಟ್ಟ ಬೆರಳುಗಳನ್ನು ನೋಡಿದಳು. ಕಂಬಿಯನ್ನು ಒತ್ತಿ ಹಿಡಿದು ತುದಿಗಳೆಲ್ಲ ಬಿಳಿಚಿಕೊಂಡಿದ್ದವು. ಆ ಭಯ ಅವಳಿಗೆ ಚೆನ್ನಾಗಿ ಗೊತ್ತು. ಅಣ್ಣನಿಗೆ ಹೇಗೆ ಗೊತ್ತಾಗಬೇಕು? ಅವನು ಮೊದಲ ದಿನವೇ ಧುಮುಕಿದವನು.

ಟವೆಲ್ ಪಕ್ಕಕ್ಕಿಟ್ಟು ಅವಳು ನೀರಿಗಿಳಿದಳು. ಜಿಗಣೆಯ ಕೈ ಮುಟ್ಟಲಿಲ್ಲ, ಪಕ್ಕದಲ್ಲಿ ತಾನೂ ಕಂಬಿ ಹಿಡಿದು ನಿಂತಳು.

"ಎಲ್ಲಿ ಭಯ ಆಗುತ್ತೆ? ಹೊಟ್ಟೇಲೋ, ಕಾಲಲ್ಲೋ?"

ಜಿಗಣೆಯ ಅಳು ನಿಂತಿತು. ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ, "ಕಾಲಲ್ಲಿ," ಎಂದ. "ನೀರು ಕೆಳಗೆ ಎಳೆಯುತ್ತೆ."

"ನಂಗೂ ಕಾಲಲ್ಲೇ ಆಗ್ತಿತ್ತು."

"ಸುಳ್ಳು! ನೀನು ದೊಡ್ಡೋಳಲ್ವಾ ಅಕ್ಕಾ?"

"ಸುಳ್ಳಲ್ಲ. ಎರಡು ಬೇಸಿಗೆ ಇದೇ ಕಂಬಿ ಹಿಡ್ಕೊಂಡು ನಿಂತಿದ್ದೆ. ನಿಜ ಹೇಳ್ಬೇಕು ಅಂದ್ರೆ ಇದು ನನ್ನ ಕಂಬಿ. ನೀನು ಹೇಳದೆ ಕೇಳದೆ ಬಂದು ಸೇರ್ಕೊಂಡಿದ್ದೀಯ."

ಜಿಗಣೆ ಮೂಗು ಒರೆಸಿಕೊಂಡು ನಕ್ಕ. ಆಮೆಗೆ ಆ ಎರಡನೇ ಬೇಸಿಗೆಯ ಕೊನೆಯ ದಿನ ನೆನಪಾಯಿತು. ನೀರಿಗೆ ಬಿದ್ದ ಹೇರ್‌ಕ್ಲಿಪ್ ತೆಗೆಯಲು ಅವಳು ಎಷ್ಟು ಬಗ್ಗಿದರೂ ಕೈಗೆ ಸಿಕ್ಕಿರಲಿಲ್ಲ. ಕೆಳಗೆ ಹೋಗೋಣವೆಂದರೆ ನೀರೇ ಬಿಡುತ್ತಿರಲಿಲ್ಲ.

"ಹಾಗಾದ್ರೆ ಒಂದು ಕೆಲಸ ಮಾಡು," ಎಂದಳು. "ಮುಳುಗು ನೋಡೋಣ!"

"ಆಂ?"

"ಮುಳುಗ್ತೀನಿ ಅಂತ ನೀನೇ ಅಂದ್ಯಲ್ಲ. ಬಾಯ್ತುಂಬ ಉಸಿರು ತಗೊಂಡು, ಕೆಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೋ. ಕೂತ್ರೆ ನೀನು ಗೆದ್ದೆ. ನಾನು ಪಕ್ಕದಲ್ಲೇ ಇರ್ತೀನಿ."

"ಮೊದಲು ನೀನು ಕೂತ್ಕೋ."

ಆಮೆ ಕೆನ್ನೆ ಉಬ್ಬಿಸಿ, ಕಾಲು ಮಡಚಿ ಒಳಗೆ ಹೋದಳು. ಕೂರಬೇಕೆನ್ನುವಷ್ಟರಲ್ಲಿ ನೀರು ಅವಳನ್ನು ಎತ್ತಿ ಓರೆಯಾಗಿ ಉರುಳಿಸಿತು. ಕೆಮ್ಮುತ್ತಾ ಮೇಲೆ ಬಂದು, "ನನ್ನ ಕೈಲಾಗಲ್ಲಪ್ಪ!" ಎಂದಳು.

"ನನ್ನ ಕೈಲಾಗುತ್ತೆ!" ಎಂದ ಜಿಗಣೆ.

ಕಂಬಿ ಹಿಡಿದುಕೊಂಡೇ ಅವನು ಮುಖ ಮುಳುಗಿಸಿದ. ಮಂಡಿಗಳು ತೇಲಿ ಬಂದವು. ಮೇಲೆದ್ದು ಉಸಿರು ತೆಗೆದುಕೊಂಡ. ಮತ್ತೆ ಹೋದ. ಈ ಸಲ ಬೆನ್ನು ತೇಲಿತು. ಅವನಿಗೆ ಸಿಟ್ಟು ಬಂತು.

"ಈ ಕಂಬಿ ಅಡ್ಡ ಬರ್ತಿದೆ ಅಕ್ಕ! ಕೈಯಲ್ಲಿ ನೀರು ತಳ್ಕೊಂಡ್ರೆ ಕೂತ್ಕೋತೀನಿ, ನೋಡ್ತಿರು."

ಆಮೆ ತುಟಿ ಪಿಟಕ್ಕೆನ್ನಲಿಲ್ಲ. ಒಂದು ಮಾತು ಹೆಚ್ಚಾದರೂ ಅವನಿಗೆ ಕಂಬಿಯ ನೆನಪಾದೀತು.

ಜಿಗಣೆ ಉಸಿರು ತುಂಬಿಕೊಂಡು ಒಂದು ಕೈ ಬಿಟ್ಟ. ಆಮೇಲೆ ಇನ್ನೊಂದೂ ಬಿಟ್ಟ. ಕಾಲು ಮಡಚಿ, ಎರಡು ಕೈಯಲ್ಲೂ ನೀರನ್ನು ಮೇಲಕ್ಕೆ ತಳ್ಳುತ್ತಾ ಕೂರಲು ಒದ್ದಾಡಿದ. ನೀರು ಬಿಡಲಿಲ್ಲ. ಅವನ ಚೆಡ್ಡಿಯೇ ಮೊದಲು ಮೇಲೆ ಬಂತು. ಅವನು ತೇಲುತ್ತಿದ್ದ!

ಆಮೆ ಅವನ ಹೊಟ್ಟೆಯ ಕೆಳಗೆ ಕೈಯೊಡ್ಡಿ ಕಾದಳು. ಆ ಕೈ ಬೇಕಾಗಲೇ ಇಲ್ಲ.

ಜಿಗಣೆ ಎದ್ದು ನಿಂತು ಬುಸುಬುಸು ಉಸಿರುಬಿಟ್ಟ. "ಆಗ್ತಾನೇ ಇಲ್ಲ! ಇದು ಮೋಸ!"

"ನಿನ್ನ ಕೈ ಎಲ್ಲಿದೆ?"

ಅವನು ತನ್ನ ಕೈ ನೋಡಿಕೊಂಡ. ಕಂಬಿ ನೋಡಿದ. ಅದು ಆಚೆ ಎಲ್ಲೋ ಇತ್ತು. ಮತ್ತೊಮ್ಮೆ ಕೈ ನೋಡಿಕೊಂಡ.

"ನಾನು ಬಿಟ್ಟೇಬಿಟ್ಟೆ!" ಅವನ ಕೂಗಿಗೆ ಇಡೀ ಈಜುಕೊಳ ತಿರುಗಿ ನೋಡಿತು. "ಮುಳುಗೋಕೇ ಆಗಲ್ಲ ಕಣ್ರೋ! ನಾನು ಎಷ್ಟು ಟ್ರೈ ಮಾಡಿದೆ ಗೊತ್ತಾ!"

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿರಲು, ಗೋಡೆಗೆ ಕಾಲು ಕೊಟ್ಟು ಚಿಮ್ಮಿ, ಕೈ ಚಾಚಿ ನಿಂತಿದ್ದ ಆಮೆಯವರೆಗೆ ಬಂದು ಅವಳ ಕೊರಳಿಗೆ ಜೋತುಬಿದ್ದ. ಅವನಿಗಿಂತ ಜೋರಾಗಿ ಕಿರುಚಿದ್ದು ಆಮೆಯೇ. ಇಷ್ಟು ಖುಷಿ ಅವಳಿಗೆ ತಾನು ಈಜು ಕಲಿತ ದಿನವೂ ಆಗಿರಲಿಲ್ಲ.

ಅಣ್ಣ ಬಾಯಿ ಬಿಟ್ಟುಕೊಂಡು ಬಂದ. "ಏನು ಹೇಳಿದ್ಯೇ ಅವನಿಗೆ?"

"ಮುಳುಗು ಅಂದೆ."

"ನಾನು ತೇಲು ಅಂತ ಗಂಟಲು ಹರ್ಕೊಂಡ್ನಲ್ಲೇ!"

ಕೋಚ್ ಮೇಡಂ ಯಾವಾಗ ಬಂದು ಹಿಂದೆ ನಿಂತಿದ್ದರೋ. "ಇದನ್ನ ನಿನಗೆ ಯಾರು ಹೇಳಿಕೊಟ್ರು?" ಎಂದು ಕೇಳಿದರು.

"ಯಾರೂ ಇಲ್ಲ ಮೇಡಂ. ನಂಗೆ ತುಂಬಾ ದಿನ ಭಯ ಇತ್ತಲ್ಲ, ಅದಕ್ಕೇ ಎಲ್ಲಾ ನೆನಪಿದೆ."

ಮೇಡಂ ಅವಳನ್ನೇ ನೋಡಿದರು. ಈ ಸಲ ಅವರಿಗೆ ಮಾತು ಹುಡುಕಬೇಕಾಗಲಿಲ್ಲ. "ನಾಳೆಯಿಂದ ದಿನಾ ಬಾ, ಚಿಕ್ಕವರ ಬ್ಯಾಚ್‌ಗೆ ನೀನು ಬೇಕು. ನಾಳೆ ಒಬ್ಬಳು ಬರ್ತಾಳೆ, ಮೆಟ್ಟಿಲೇ ಇಳಿಯಲ್ಲ."

ಗೇಟಿನ ಹತ್ತಿರ ಅಪ್ಪ ಕಾಯುತ್ತಿದ್ದರು. ಕುಣಿಯುತ್ತಾ ಬಂದ ಮಗಳನ್ನು ಕಂಡು ಅವರ ಮುಖ ಅರಳಿತು. "ಟೀಮ್‌ಗೆ ಸೆಲೆಕ್ಟ್ ಆದ್ಯಾ?"

ಆಮೆ ಗಕ್ಕನೆ ನಿಂತಳು. ಟೀಮಿನ ವಿಷಯ ಅವಳಿಗೆ ಮರೆತೇ ಹೋಗಿತ್ತು.

"ಇಲ್ಲಪ್ಪ, ಆಗ್ಲಿಲ್ಲ," ಎಂದು ನಗುತ್ತಲೇ ಹೇಳಿ ಅಪ್ಪನ ಕೈ ಹಿಡಿದು ನಡೆದಳು. ಅಪ್ಪನಿಗೆ ತಲೆಬುಡ ಗೊತ್ತಾಗಲಿಲ್ಲ.

ರಸ್ತೆಯ ತಿರುವಿನವರೆಗೂ ಅವಳು ಕುಣಿಯುತ್ತಲೇ ಬಂದಳು. ಆಮೇಲೆ ಕೇಳಿದಳು, "ಅಪ್ಪಾ, ಮೆಟ್ಟಿಲು ಇಳಿಯೋಕೇ ಹೆದರೋರಿಗೆ ಮೊದಲು ಏನು ಹೇಳ್ಬೇಕು?"

"ನನಗೇನು ಗೊತ್ತೇ ಮಗಳೇ?"

"ನಂಗೊತ್ತು," ಎಂದಳು ಆಮೆ. "ಮೊದಲು ಏನೂ ಹೇಳ್ಬಾರದು. ಅದೇ ಮೆಟ್ಟಿಲ ಮೇಲೆ ಅವರ ಪಕ್ಕ ಹೋಗಿ ಕೂತ್ಕೋಬೇಕು."

ನಾಳೆ ಯಾವಾಗ ಆಗುತ್ತದೋ ಎಂದು ಅವಳಿಗೆ ಅನ್ನಿಸಿತು.