ಮೂರು ಸಲ ಸುಟ್ಟ ಕಂಟ್ರೋಲರ್

ಅವನು ನನ್ನೊಡನೆ ಆಡಿದ ಮೊದಲ ಮಾತು ಇದು: "ಮಿಸ್ತ್ರಿ ಎಲ್ಲದಾರ್ರಿ?"

ನನ್ನ ಕೈಯಲ್ಲಿ ಹೊಗೆಯಾಡುವ ಸಾಲ್ಡರಿಂಗ್ ಕಡ್ಡಿ ಇತ್ತು. ಎದುರಿಗೆ ಬಿಚ್ಚಿಟ್ಟ ಸ್ಟೆಬಿಲೈಸರ್ ಇತ್ತು. ಇಷ್ಟೆಲ್ಲ ಕಣ್ಣಾರೆ ಕಂಡೂ ಗಂಡಸರು ಅದೇ ಪ್ರಶ್ನೆ ಕೇಳುತ್ತಾರೆ. ಹುಬ್ಬಳ್ಳಿಯ ದಾಜಿಬಾನಪೇಟೆಯ ಸಂದಿಯಲ್ಲಿ ನಮ್ಮ ಅಂಗಡಿ. ಅಪ್ಪ ಮೈಲಾರಪ್ಪ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಾನೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ನಾನು, ಸುಮಲತಾ, ಪಕ್ಕದ ಮೇಜಿನಲ್ಲಿ ಬೋರ್ಡು ರಿಪೇರಿ ಮಾಡುತ್ತೇನೆ. ಕೂತು ಎರಡು ವರ್ಷವಾಗಿದ್ದರೂ ಬಂದವರೆಲ್ಲ ನನ್ನನ್ನು ದಾಟಿ ಅಪ್ಪನನ್ನೇ ಹುಡುಕುತ್ತಿದ್ದರು.

"ನಿಮ್ಮ ಮುಂದನ ಕುಂತಾಳ್ರಿ," ಎಂದೆ.

ಅವನ ಕಿವಿ ಕೆಂಪಾದವು. ಬರೀ ಕಿವಿ, ಮುಖ ಇದ್ದ ಹಾಗೇ ಇತ್ತು. ಅಂಥ ಕಿವಿಗಳನ್ನು ನಾನು ಮೊದಲ ಸಲ ನೋಡಿದ್ದು. ಕೂದಲಲ್ಲಿ ಒಂದು ಎಳೆ ಹತ್ತಿ ಸಿಕ್ಕಿಕೊಂಡಿತ್ತು. ಹೆಸರು ಅಮರೇಶ, ಅಮರಗೋಳದ ಮಾರ್ಕೆಟ್ಟಿನಲ್ಲಿ ಹತ್ತಿಯ ದಲ್ಲಾಳಿ ಅಂಗಡಿ, ಎಂದು ಹೇಳಿ ಕರವಸ್ತ್ರದ ಗಂಟು ಬಿಚ್ಚಿದ. ಕಡ್ಡಿಪೆಟ್ಟಿಗೆಯಷ್ಟು ಅಗಲದ ಒಂದು ಬೋರ್ಡು. ರಿಮೋಟಿನಿಂದ ಓಡಿಸುವ ಮೂರಡಿಯ ಬೋಟು ಅವನದು. ಅದರ ಮೋಟಾರಿನ ವೇಗ ಏರಿಸಿ ಇಳಿಸುವ ಸ್ಪೀಡ್ ಕಂಟ್ರೋಲರ್ ಇದು. ಉಣಕಲ್ ಕೆರೆಯ ನಡುಮಧ್ಯೆ ಸುಟ್ಟು ಸತ್ತಿತ್ತಂತೆ. ಈಜಿ ಹೋಗಿ ಬೋಟು ತಂದಿದ್ದನಂತೆ.

ನಾನು ಬೋರ್ಡನ್ನು ಮೂಗಿನ ಹತ್ತಿರ ಹಿಡಿದೆ. ಹುಳಿ ವಾಸನೆ ಗಪ್ಪನೆ ಹೊಡೆಯಿತು.

"ಇದಕ್ಕ ಉಪ್ಪಿನಕಾಯಿ ಹಚ್ಚೀರೇನ್ರಿ?"

ಬಚ್ಚಲಮನೆಯ ಟೈಲ್ಸಿಗೆ ಹಚ್ಚುವ ಸೀಲಂಟ್ ಬಳಿದಿದ್ದ, ನೀರು ಒಳಗೆ ಹೋಗಬಾರದೆಂದು. ಅದು ಒಣಗುವಾಗ ಆಮ್ಲ ಬಿಡುತ್ತದೆ, ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದು ಹಾಕುತ್ತದೆ ಎಂದು ಹೇಳಿದೆ. ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ಹತ್ತಿಯ ಎಳೆಯೂ ಜೊತೆಗೆ ಆಡಿತು. ಅದನ್ನು ಕಿತ್ತು ಬಿಸಾಕಬೇಕೆಂದು ನನ್ನ ಬೆರಳು ತುರಿಸುತ್ತಿದ್ದವು. ಗಿರಾಕಿಯ ತಲೆಗೆ ಕೈ ಹಾಕಲು ಬರುತ್ತದೆಯೇ?

ಗೆರೆಗಳನ್ನು ಹೊಸದಾಗಿ ಎಳೆದೆ. ನೀರಿಗೆ ನಮ್ಮ ಅಂಗಡಿಯಲ್ಲೇ ಮದ್ದಿತ್ತು: ಅಪ್ಪ ಮೋಟಾರಿಗೆ ಸುತ್ತಿದ ತಂತಿಯ ಮೇಲೆ ಹುಯ್ಯುವ ವಾರ್ನಿಷ್. ಅದರಲ್ಲಿ ಬೋರ್ಡು ಅದ್ದಿ, ಬಲ್ಬಿನ ಕೆಳಗೆ ಒಣಗಿಸಿದೆ. ಬಿಸಿಯಾಗುವ ಟ್ರಾನ್ಸಿಸ್ಟರುಗಳ ಬೆನ್ನಿಗೆ ಮಾತ್ರ ವಾರ್ನಿಷ್ ತಾಗಿಸದೆ, ಬಿಸಿ ಹೊರಗೆ ಹೋಗಲಿ ಎಂದು ಒಂದು ಅಲ್ಯುಮಿನಿಯಂ ಪ್ಲೇಟು ಕೂರಿಸಿದೆ. ಅಪ್ಪ ದೂರದಿಂದಲೇ ನೋಡಿ ಹೂಂ ಅಂದ. ಅವನ ಬಾಯಿಂದ ಹೂಂ ಬಂದರೆ ಹಾರ ಹಾಕಿದ ಹಾಗೆ.

ಹತ್ತು ದಿನಕ್ಕೆ ಅಮರೇಶ ಮತ್ತೆ ಬಂದ. ಮತ್ತೆ ಕರವಸ್ತ್ರದಲ್ಲಿ ಸುಟ್ಟ ಬೋರ್ಡು, ಮತ್ತೆ ಕೆಂಪು ಕಿವಿ. ನಾನು ಕೂರಿಸಿದ್ದ ಪ್ಲೇಟು ಕಾಣಲೇ ಇಲ್ಲ. ನೀರಿನ ಭಯಕ್ಕೆ ಇಡೀ ಬೋರ್ಡಿಗೆ, ಪ್ಲೇಟಿನ ಸಮೇತ, ಬೆರಳು ದಪ್ಪ ಎಂ-ಸೀಲ್ ಮೆತ್ತಿಬಿಟ್ಟಿದ್ದ ಪುಣ್ಯಾತ್ಮ.

"ನೀರು ಒಳಗ ಬರಬಾರದು, ಖರೇ," ಎಂದೆ. "ಆದರ ಒಳಗಿನ ಬಿಸಿ ಹೊರಗ ಹೋಗಬೇಕಲ್ರಿ. ಬ್ಯಾಸಗಿ ಮಧ್ಯಾಹ್ನದಾಗ ಕೌದಿ ಹೊಚ್ಚಿ ಮಲಗಿಸೀರಿ ಇದನ್ನ."

"ಹಂಗಾರ ನೀವ ಕಲಸ್ರಿ," ಎಂದ. ಕಣ್ಣು ಬೋರ್ಡಿನ ಮೇಲಿರಲಿಲ್ಲ.

ಕಲಿಸಿದೆ. ಮಾರ್ಕೆಟ್ಟಿನ ಹರಾಜು ಮುಗಿಸಿ ದಿನಾ ಸಂಜೆ ಬರತೊಡಗಿದ. ಎದುರಿನ ಕಮರುದ್ದೀನ ಕಾಕಾನ ಹೋಟೆಲಿನಿಂದ ಎರಡು ಚಹಾ ಬರುವ ಕಡೆ ಮೂರು ಬರತೊಡಗಿದವು, ಜೊತೆಗೆ ಗಿರಮಿಟ್ಟು. ತಂತಿಗೆ ತಂತಿ ಕೂಡಿಸುವಾಗ ಸುಮ್ಮನೆ ತಾಗಿಸಬಾರದು, ಎರಡಕ್ಕೂ ಕೊಕ್ಕೆ ಹಾಕಿ, ಹೆಣೆದು, ಆಮೇಲೆ ಬೆಸುಗೆ ಇಡಬೇಕು ಎಂದು ತೋರಿಸಿದೆ. ಅಪ್ಪ ನನಗೆ ಕಲಿಸಿದ ರೀತಿ ಅದು. ಪೇಟೆಯಲ್ಲಿ ಬೇರೆ ಯಾರೂ ಅಷ್ಟು ತಾಳ್ಮೆಯಿಂದ ಮಾಡುವುದಿಲ್ಲ. ಅವನು ಮೊದಲು ಬೆರಳು ಸುಟ್ಟುಕೊಂಡ, ಆಮೇಲೆ ಅಂಗಿ ಸುಟ್ಟುಕೊಂಡ, ಮೂರನೇ ದಿನಕ್ಕೆ ಕಲಿತುಬಿಟ್ಟ.

ಬಿಸಿಗೆ ಉಪಾಯ ಹೊಳೆದದ್ದು ಇಬ್ಬರೂ ಕೂತಿದ್ದಾಗ. ಕೆರೆಯ ನೀರೇ ಅದನ್ನು ತಣ್ಣಗಿಡಬೇಕು. ಫ್ರಿಜ್ಜಿನ ತೆಳು ತಾಮ್ರದ ನಳಿಗೆಯನ್ನು ಪ್ಲೇಟಿನ ಮೇಲೆ ಬಾಗಿಸಿ ಕೂರಿಸಿದೆವು. ಬೋಟಿನ ಫ್ಯಾನು ಹಿಂದಕ್ಕೆ ದಬ್ಬುವ ನೀರು ನಳಿಗೆಯೊಳಗೆ ನುಗ್ಗಿ, ಪ್ಲೇಟಿನ ಬಿಸಿ ಹೊತ್ತುಕೊಂಡು, ಪಕ್ಕದ ತೂತಿನಿಂದ ಹೊರಗೆ ಚಿಮ್ಮಬೇಕು. ಅಂಗಡಿಯ ತಗಡಿನ ಟಬ್ಬಿನಲ್ಲಿ ಬೋಟು ಬಿಟ್ಟಾಗ ಸರಿಯಾಗಿಯೇ ಚಿಮ್ಮಿತು, ನೇರ ನನ್ನ ಮುಖಕ್ಕೆ. ಅವನು ಒರೆಸಲೆಂದು ಕರವಸ್ತ್ರ ತೆಗೆದ. ತೆಗೆದವನು ಮುಂದಕ್ಕೂ ಚಾಚಲಿಲ್ಲ, ಹಿಂದಕ್ಕೂ ಇಡಲಿಲ್ಲ, ಹಾಗೇ ನಿಂತ. ನಾನೇ ಕಸಿದುಕೊಂಡು ಒರೆಸಿಕೊಂಡೆ. ಆ ದಿನ ನನಗೆ ತಿಳಿಯಿತು, ಸಂಜೆ ಐದಾದರೆ ನಾನು ಯಾಕೆ ಬಾಗಿಲು ನೋಡುತ್ತೇನೆ ಎಂಬುದು. ಅವನು ನನಗೆ ಬೇಕಾಗಿದ್ದ, ಅಷ್ಟೇ.

ಬೋಟಿನವರ ಕೂಟದ ಹಿರಿಯ ಹನಮೇಶ ಒಮ್ಮೆ ಬಂದು ಟಬ್ಬಿನ ಪರೀಕ್ಷೆ ನೋಡಿ ಹೋದ. ಮರುದಿನವೇ ಹತ್ತು ಕಂಟ್ರೋಲರುಗಳ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟ. ಎಲ್ಲಕ್ಕೂ ಹೀಗೇ ಮಾಡಿಕೊಡು ಎಂದ. ಅಪ್ಪನನ್ನು ಕೇಳದೆ, ಅಪ್ಪನ ಕಡೆ ನೋಡದೆ, ನನಗೇ ಅಂತ ಬಂದ ಮೊದಲ ಕೆಲಸ. ಆ ಡಬ್ಬಿಯ ಮೇಲೆ ನನ್ನ ಹೆಸರು ಬರೆದು ಎದುರಿಗೇ ಇಟ್ಟುಕೊಂಡೆ.

ನಾಲ್ಕೇ ದಿನ. ಐದನೆಯ ದಿನ ಹನಮೇಶ ಡಬ್ಬಿ ವಾಪಸು ಕೇಳಿದ. ಅಮರೇಶನ ಕಂಟ್ರೋಲರ್ ಮೂರನೇ ಸಲ ಸುಟ್ಟಿತಂತೆ. ಹುಡುಗಿಯ ಕೈಕೆಲಸ ಟಬ್ಬಿನಲ್ಲಿ ಚೆಂದ, ಕೆರೆಯಲ್ಲಿ ಅಲ್ಲ ಎಂದು ಕೂಟದವರು ಆಡಿಕೊಂಡರಂತೆ. ಹನಮೇಶ ಕೆಟ್ಟ ಮನುಷ್ಯನಲ್ಲ, ತಲೆ ತಗ್ಗಿಸಿಯೇ ಹೇಳಿದ. ನಾನು ಡಬ್ಬಿ ಕೊಟ್ಟೆ. ಅಳು ಬಂತು, ಅಪ್ಪನ ಎದುರಿಗೆ ನುಂಗಿಕೊಂಡೆ.

ಮಧ್ಯಾಹ್ನ ಅಮರೇಶ ಸುಟ್ಟ ಬೋರ್ಡು ಇಟ್ಟು ಮಾರ್ಕೆಟ್ಟಿಗೆ ಹೋದ. ಬಿಚ್ಚಿದೆ. ಒಳಗೆ ಹನಿ ನೀರಿಲ್ಲ. ವಾರ್ನಿಷ್ ಹಾಗೇ ಇದೆ. ಬ್ಯಾಟರಿಯ ತಂತಿ ಬರುವ ಜಾಗದಲ್ಲಿ ಮಾತ್ರ ಕಪ್ಪು. ಬ್ಯಾಟರಿಯನ್ನು ಉಲ್ಟಾ ಹಚ್ಚಿದರೆ ಹೀಗಾಗುತ್ತದೆ. ಆದರೆ ಉಲ್ಟಾ ಕೂರದಂಥ ಪ್ಲಗ್ಗನ್ನು ನಾನೇ ಹಾಕಿದ್ದೆ. ಅದನ್ನು ಉಲ್ಟಾ ಮಾಡಬೇಕಾದರೆ ತಂತಿ ಕತ್ತರಿಸಿ ಅದಲು ಬದಲು ಕೂಡಿಸಬೇಕು. ಯಾರಿಗೂ ತಿಳಿಯಬಾರದೆಂದರೆ ಮತ್ತೆ ಕತ್ತರಿಸಿ ಸರಿ ಮಾಡಬೇಕು. ತಂತಿಯ ಮೇಲಿನ ಟೇಪು ಸುಲಿದೆ. ಹೊಸ ಬೆಸುಗೆ. ಎರಡಕ್ಕೂ ಕೊಕ್ಕೆ ಹಾಕಿ, ಹೆಣೆದು, ಆಮೇಲೆ ಇಟ್ಟದ್ದು. ನನ್ನ ಕೈ ಬಿಟ್ಟರೆ, ಅಪ್ಪನ ಕೈ ಬಿಟ್ಟರೆ, ಹಾಗೆ ಕೂಡಿಸಲು ಬರುತ್ತಿದ್ದದ್ದು ಊರಿಗೆಲ್ಲ ಒಬ್ಬನಿಗೇ.

ಸಂಜೆ ಅವನು ಬಂದಾಗ ಆ ಬೆಸುಗೆಯನ್ನು ಎದುರಿಗೆ ಹಿಡಿದೆ. ಅವನು ಸುಳ್ಳಾಡಲಿಲ್ಲ.

"ನಾನ ಸುಟ್ಟೇನಿ. ಅದು ಛಲೋ ಓಡಾಕತ್ತಿತ್ತು. ಹಂಗ ಓಡಿದ್ರ ನಾ ಇಲ್ಲಿಗೆ ಏನಂತ ಬರಬೇಕಿತ್ತು?"

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ನೆಲ ಬಿಟ್ಟು ಎರಡು ಗೇಣು ಮೇಲೆ ತೇಲುತ್ತಿದ್ದೆ. ಅಂದು ಖಾಲಿ ಮೇಜು ತೋರಿಸಿದೆ. ಹನಮೇಶ ಬಂದು ಹೋದದ್ದು ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಕಿವಿಯ ಕೆಂಪು ಇಳಿದು ಮುಖವೆಲ್ಲ ಬಿಳಿಚಿತು.

"ನಿಮಗ ನೆಪ ಬೇಕಾಗಿತ್ತು," ಎಂದೆ. "ನನಗ ಹೆಸರು ಬೇಕಾಗಿತ್ತು. ನೀವು ನನ್ನ ಹೆಸರು ಸುಟ್ಟು ನಿಮ್ಮ ನೆಪ ಮಾಡಿಕೊಂಡ್ರಿ."

ಇನ್ನು ಬರಬೇಡಿ ಎಂದೂ ಹೇಳಿದೆ. ಬೋರ್ಡನ್ನು ಮಾತ್ರ ರಿಪೇರಿ ಮಾಡಿದೆ, ಹಿಂದಿಗಿಂತ ನಾಜೂಕಾಗಿ. ಸಿಟ್ಟು ಅವನ ಮೇಲಿತ್ತೇ ಹೊರತು ಕೆಲಸದ ಮೇಲಿರಲಿಲ್ಲ. ಅಪ್ಪನ ಕೈಯಲ್ಲಿ ಕಳಿಸಿಕೊಟ್ಟೆ.

ಭಾನುವಾರ ಬೆಳಿಗ್ಗೆ ಉಣಕಲ್ ಕೆರೆಯಲ್ಲಿ ಬೋಟುಗಳ ಸ್ಪರ್ಧೆ. ನಾನು ಬರುವುದಿಲ್ಲ ಎಂದೆ. ಅಪ್ಪ ಸ್ಕೂಟರ್ ಒದೆಯುತ್ತ, "ಅಂವನ್ನ ನೋಡಬ್ಯಾಡ, ಬೋಟ್ ನೋಡು. ನೀ ಮಾಡಿದ ಕೆಲಸ ನೀರಾಗ ಹೆಂಗ ಓಡ್ತೈತಿ ಅಂತ ನೋಡಬೇಕಲ್ಲ," ಎಂದ. ಹಿಂದೆ ಕೂತೆ.

ದಂಡೆಯಲ್ಲಿ ನಲವತ್ತು ಐವತ್ತು ಜನ. ಹನಮೇಶ ಸೀಟಿ ಊದಬೇಕು, ಅಷ್ಟರಲ್ಲಿ ಅಮರೇಶ ಒಂದು ಬಕೆಟ್ಟಿನ ತುಂಬ ಕೆರೆಯ ನೀರು ಹೊತ್ತು ಎಲ್ಲರ ನಡುವೆ ಬಂದು ನಿಂತ. ಕಿವಿ ಕೆಂಪಗೆ ಉರಿಯುತ್ತಿದ್ದವು.

"ಮೊದಲನೇ ಸಲ ನನ್ನ ಕಂಟ್ರೋಲರ್ ಸುಟ್ಟಿದ್ದು ನನ್ನ ದಡ್ಡತನಕ್ಕ," ಎಂದ ಎಲ್ಲರಿಗೂ ಕೇಳುವಂತೆ. "ಎರಡನೇ ಸಲಾನೂ ನನ್ನ ದಡ್ಡತನಕ್ಕ. ಮೂರನೇ ಸಲ ನಾನ ಬೇಕಂತ ಬ್ಯಾಟರಿ ಉಲ್ಟಾ ಹಚ್ಚಿ ಸುಟ್ಟೆ. ಸುಮಲತಾ ಅವರ ಕೈಕೆಲಸದಾಗ ಒಂದು ಕೂದಲೆಳಿ ತಪ್ಪಿಲ್ಲ."

ಹೇಳಿದವನೇ ಬೋಟಿನ ಮೋಟಾರು ಚಾಲೂ ಮಾಡಿ, ಅದರ ಕಂಟ್ರೋಲರನ್ನು ಬಕೆಟ್ಟಿನಲ್ಲಿ ಮುಳುಗಿಸಿದ. ಮೋಟಾರು ಓಡುತ್ತಲೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ಜನ ಬಗ್ಗಿ ಬಗ್ಗಿ ನೋಡಿದರು. ಬೇಕಂತ ಯಾಕೆ ಸುಟ್ಟೆ ಎಂದು ಹನಮೇಶ ಕೇಳಿದ.

"ಅವರ ಅಂಗಡಿಗೆ ಹೋಗಾಕ ನನಗ ಬ್ಯಾರೆ ನೆಪ ಇರಲಿಲ್ಲರಿ."

ದಂಡೆಯೆಲ್ಲ ನಕ್ಕಿತು. ಸ್ಪರ್ಧೆಗೆಂದು ಬೆಳಗಾವಿಯಿಂದ ಬಂದವರಂತೂ ಶಿಳ್ಳೆ ಹೊಡೆದರು. ಆಗಷ್ಟೇ ಅವನು ತಿರುಗಿ ನೋಡಿದ್ದು. ನೋಡಿದರೆ ನಾನು, ನನ್ನ ಪಕ್ಕದಲ್ಲಿ ಸ್ಕೂಟರಿನ ಚಾವಿ ತಿರುಗಿಸುತ್ತ ನನ್ನಪ್ಪ. ಅವನ ಕೈಯಿಂದ ಬಕೆಟ್ಟು ಜಾರುವುದೊಂದು ಬಾಕಿ.

ಅಪ್ಪ ಒಮ್ಮೆ ಕೆಮ್ಮಿದ. "ಮಾತು ಮುಗಿದಿದ್ರ ಬೋಟ್ ಬಿಡ್ರಿ. ಬಿಸಿಲು ಏರಾಕತ್ತೈತಿ."

ಹನಮೇಶ ಸೀಟಿ ಊದಿದ. ಎಂಟು ಬೋಟುಗಳು, ಹದಿನೈದು ಸುತ್ತು. ಏಳನೇ ಸುತ್ತಿಗೆ ಎರಡು ಬೋಟು ಬಿಸಿಯೇರಿ ನಿಂತವು. ಅಮರೇಶನ ಕೆಂಪು ಬೋಟು ನಿಲ್ಲಲಿಲ್ಲ. ಅದರ ಪಕ್ಕದಿಂದ ಸಣ್ಣ ಕಾರಂಜಿಯ ಹಾಗೆ ನೀರು ಚಿಮ್ಮುತ್ತಲೇ ಇತ್ತು. ಆ ನೀರು ಕಂಡರೆ ಒಳಗೆ ನನ್ನ ಪ್ಲೇಟು ತಣ್ಣಗಿದೆ ಎಂದರ್ಥ. ಪ್ರತಿ ಸುತ್ತಿಗೂ ನಾನು ಅದನ್ನೇ ಹುಡುಕಿದೆ, ಪ್ರತಿ ಸುತ್ತಿಗೂ ಕಂಡಿತು. ಅಪ್ಪನ ತೋಳು ಹಿಡಿದು ಕುಣಿದೆ ಎಂದು ಅಪ್ಪ ಆಮೇಲೆ ಹೇಳಿದ, ನನಗೆ ನೆನಪಿಲ್ಲ.

ಗೆದ್ದದ್ದು ಬೆಳಗಾವಿಯವರು. ಕೊನೆಯ ತಿರುವಿನಲ್ಲಿ ಅಮರೇಶ ಬೋಟು ನೋಡುವುದು ಬಿಟ್ಟು ನನ್ನನ್ನು ನೋಡಿದ, ಬೋಟು ದೂರ ಸುತ್ತಿ ಬಂದು ಎರಡನೆಯದಾಯಿತು. ಮಾಡಿದ್ದುಣ್ಣೋ ಮಹರಾಯ. ಹನಮೇಶ ಅಲ್ಲೇ ಡಬ್ಬಿ ತಂದು ನನ್ನ ಕೈಗಿತ್ತ, ತಪ್ಪಾಯಿತು ತಂಗೀ ಎಂದ. ಡಬ್ಬಿಯ ಮೇಲೆ ನನ್ನ ಹೆಸರು ಹಾಗೇ ಇತ್ತು.

ಅಮರೇಶ ಮಾತಾಡಲು ಬರಲಿಲ್ಲ. ಬರಬೇಡಿ ಎಂದಿದ್ದೆನಲ್ಲ, ಅದನ್ನು ಪಾಲಿಸುತ್ತಿದ್ದ. ದೂರದಿಂದ ಕೈ ಮುಗಿದು ಹೋದ. ನನ್ನ ಸಿಟ್ಟು ಅಷ್ಟರಲ್ಲಿ ಕೆರೆ ಸೇರಿ ಬಹಳ ಹೊತ್ತಾಗಿತ್ತು, ಅವನಿಗೆ ಹೇಳುವವರು ಯಾರು?

ನಾನೇ ಹೇಳಿ ಕಳಿಸಿದೆ, ಕಮರುದ್ದೀನ ಕಾಕಾನ ಕೈಯಲ್ಲಿ. ಒಂದೇ ಷರತ್ತು: ಬರುವುದಾದರೆ ಕೆಟ್ಟದ್ದು ಏನನ್ನೂ ತರಬಾರದು.

ಸೋಮವಾರ ಐದಕ್ಕೆ ಬಂದ. ಎರಡೂ ಕೈ ಖಾಲಿ. ಕರವಸ್ತ್ರ ಕೂಡ ಇಲ್ಲ. ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡ, ಮುಂದೆ ಕಟ್ಟಿಕೊಂಡ. ಚಹಾವನ್ನು ಹದಿನೆಂಟು ವರ್ಷದಿಂದ ಅಂಗಡಿಗೇ ತರಿಸಿ ಕುಡಿಯುತ್ತಿದ್ದ ಅಪ್ಪ ಅಂದು ಎದ್ದು, ಹೋಟೆಲಿನಲ್ಲೇ ಕುಡಿದು ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದ.

"ಏನ ಕೆಟ್ಟೈತ್ರಿ?" ಎಂದು ಕೇಳಿದೆ.

"ಏನೂ ಕೆಟ್ಟಿಲ್ಲರಿ. ನಿಮ್ಮನ್ನ ನೋಡಾಕ ಬಂದೇನಿ." ಉಸಿರು ಎಳೆದುಕೊಂಡ. "ನೀವು ಹೂಂ ಅಂದ್ರ ಬರೋ ಐತವಾರ ನಮ್ಮವ್ವನ್ನ ಕರಕೊಂಡು ಬರ್ತೇನಿ."

ನಗು ತಡೆಯಲು ಸಾಲ್ಡರಿಂಗ್ ಕಡ್ಡಿಯ ತುದಿ ನೋಡಿದೆ. "ಕರಕೊಂಡು ಬರ್ರಿ. ಆದರ ಮೊದಲ ಹೇಳಿ ಬರ್ರಿ, ಮದುವಿ ಆದ ಮ್ಯಾಲೂ ನಾ ಈ ಟೇಬಲ್ ಬಿಡೂದಿಲ್ಲ."

"ಬಿಟ್ರ ನನ್ನ ಬೋಟಿನ ಗತಿ ಏನ್ರಿ?"

ಅವನು ಸ್ಟೂಲಿನ ಮೇಲೆ ಕೂತ. ಅವತ್ತೂ ಕೂದಲಲ್ಲಿ ಹತ್ತಿಯ ಎಳೆ ಇತ್ತು. ಕೈ ಚಾಚಿ ತೆಗೆದೆ. ಕಿವಿ ಮುಟ್ಟಿ ನೋಡಿದೆ, ಅಂದುಕೊಂಡದ್ದಕ್ಕಿಂತ ಬಿಸಿಯಾಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಕೆಟ್ಟ ಮಿಕ್ಸರ್ ಹಿಡಿದು ನಿಂತರು. ನನ್ನನ್ನು ದಾಟಿ ಅವನನ್ನು ನೋಡಿ, ಮಿಸ್ತ್ರಿ ನೀವೇನ್ರಿ ಎಂದು ಕೇಳಿದರು.

ಅಮರೇಶ ಥಟ್ಟನೆ ಎದ್ದು ಸ್ಟೂಲು ಅವರ ಕಡೆ ಸರಿಸಿದ.

"ನಾ ಅಲ್ಲರಿ," ಎಂದ. "ಮಿಸ್ತ್ರಿ ನಿಮ್ಮ ಮುಂದನ ಅದಾರ."